ಓದಲು ಕಲಿತ ಯಂತ್ರಕ್ಕೆ ಗುರು ಯಾರು?

ಆ ಹುಡುಗ ಮೂರೇ ವಾರಗಳಲ್ಲಿ ಓದಲು ಕಲಿತುಬಿಟ್ಟಿದ್ದ. ಯಾರೂ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿಸಿರಲಿಲ್ಲ. ಕೈಗೆ ಸಿಕ್ಕ ಒಂದು ಬಾಲಬೋಧೆಯನ್ನು ತಾನೇ ತಿರುವಿಹಾಕಿ ಅಕ್ಷರಗಳ ಗುಟ್ಟನ್ನು ಬಿಡಿಸಿಕೊಂಡಿದ್ದ. ಅಂಕೆಗಳ ಮೇಲೆ ಅವನಿಗೆ ಇನ್ನೂ ಹೆಚ್ಚಿನ ಮೋಹ. ಬೀದಿಗೆ ಹೊರಟರೆ ಪ್ರತಿಯೊಂದು ದೀಪದ ಕಂಬದ ಬಳಿಯೂ ನಿಂತು, ಅದರ ಮೇಲಿನ ಕ್ರಮಸಂಖ್ಯೆಯನ್ನು ಓದಿದ ಮೇಲೆಯೇ ಮುಂದಿನ ಹೆಜ್ಜೆ. ಜೊತೆಯಲ್ಲಿದ್ದ ಹಿರಿಯರ ತಾಳ್ಮೆ ಕೆಡುತ್ತಿತ್ತು.

ಆ ಹುಡುಗನ ಹೆಸರು ಅಲನ್ ಟ್ಯೂರಿಂಗ್. ಮುಂದೆ ಆತ ಗಣಕಯಂತ್ರ ಎಂಬ ಕಲ್ಪನೆಗೇ ಗಣಿತದ ಅಡಿಪಾಯ ಹಾಕಿದ. ಯಂತ್ರಕ್ಕೆ ಎಲ್ಲವನ್ನೂ ಹೇಳಿಕೊಡುವ ಬದಲು, ಮಗುವಿನಂತೆ ಅದೇ ಕಲಿಯುವ ಹಾಗೆ ಮಾಡಬಾರದೇಕೆ ಎಂದು ಕೇಳಿದ ಮೊದಲಿಗರಲ್ಲಿ ಆತನೂ ಒಬ್ಬ. ಇಂದು ಯಂತ್ರಗಳು ಅಂತರ್ಜಾಲದ ಕೋಟ್ಯಂತರ ಪುಟಗಳನ್ನು ಓದಿ, ಓದಿದ್ದರಿಂದಲೇ ಲೋಕಜ್ಞಾನವನ್ನು ಸಂಪಾದಿಸಿಕೊಂಡು, ನಮ್ಮ ಪ್ರಶ್ನೆಗಳಿಗೆ ಉತ್ತರಿಸುತ್ತಿವೆ. ಈ ಹೊತ್ತಿನಲ್ಲಿ ಟ್ಯೂರಿಂಗ್‌ನ ಬದುಕನ್ನು ಮತ್ತೊಮ್ಮೆ ಅವಲೋಕಿಸುವುದು ಕೇವಲ ಗೌರವಾರ್ಪಣೆಯ ಕೆಲಸವಲ್ಲ. ಬರೆದಿಟ್ಟದ್ದನ್ನು ಓದುವುದರಿಂದ ಎಷ್ಟು ತಿಳಿಯುತ್ತದೆ, ಏನು ತಿಳಿಯದೇ ಉಳಿಯುತ್ತದೆ ಎಂಬ ಪ್ರಶ್ನೆಗೆ ಆತನ ಬದುಕೇ ಒಂದು ಉತ್ತರವಾಗಿದೆ.

ಟ್ಯೂರಿಂಗ್ ಜನಿಸಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಆ ಕುಟುಂಬದ ಬೇರುಗಳು ನಮ್ಮ ಸೀಮೆಯಲ್ಲಿಯೂ ಹರಡಿದ್ದವು. ತಂದೆ ಜೂಲಿಯಸ್ ಇಂಡಿಯನ್ ಸಿವಿಲ್ ಸರ್ವಿಸ್‌ನ ಅಧಿಕಾರಿಯಾಗಿ ಮದ್ರಾಸ್ ಪ್ರಾಂತ್ಯಕ್ಕೆ ಬಂದು, ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಸೇವೆ ಸಲ್ಲಿಸಿದವರು. ತಾಯಿ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್; ತುಂಗಭದ್ರೆಗೆ ಸೇತುವೆ ಕಟ್ಟಿಸಿದವರು. ಅಣ್ಣ ಜಾನ್ ಹುಟ್ಟಿದ್ದು ಕೂನೂರಿನಲ್ಲಿ. ಅಲನ್ ಮಾತ್ರ ಭಾರತವನ್ನು ಕಾಣಲೇ ಇಲ್ಲ. ಇಲ್ಲಿನ ಹವೆ ಮಗುವಿಗೆ ಒಗ್ಗದು ಎಂಬ ಅಂಜಿಕೆಯಿಂದ ಹೆತ್ತವರು ಮಕ್ಕಳನ್ನು ಇಂಗ್ಲೆಂಡಿನ ಕಡಲತೀರದ ಊರೊಂದರಲ್ಲಿ, ನಿವೃತ್ತ ಸೇನಾಧಿಕಾರಿಯ ಮನೆಯಲ್ಲಿ ಬಿಟ್ಟು ಮದ್ರಾಸಿಗೆ ಮರಳುತ್ತಿದ್ದರು. ಸಾಮ್ರಾಜ್ಯದ ಅಧಿಕಾರಿಗಳ ಮಕ್ಕಳಿಗೆ ಇದು ಹೊಸದೇನಾಗಿರಲಿಲ್ಲ. ಆದರೆ ತಂದೆತಾಯಿ ಪತ್ರದಲ್ಲಿ ಮಾತ್ರ ಇರುವ ಮನೆಯಲ್ಲಿ ಬೆಳೆದ ಹುಡುಗ ಪುಸ್ತಕವನ್ನೇ ಗುರುವಾಗಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಹತ್ತರ ವಯಸ್ಸಿನ ಹೊತ್ತಿಗೆ, 1922ರಲ್ಲಿ, ಮಕ್ಕಳಿಗಾಗಿ ಬರೆದ ಒಂದು ವಿಜ್ಞಾನ ಪುಸ್ತಕ ಆತನ ಕೈಸೇರಿತು. ಜೀವಿಯ ದೇಹವೂ ಒಂದು ಯಂತ್ರವೇ ಎಂಬ ವಿಚಾರ ಅದರಲ್ಲಿತ್ತು. ತನ್ನ ಕಣ್ಣು ತೆರೆಸಿದ್ದು ಆ ಪುಸ್ತಕವೇ ಎಂದು ಟ್ಯೂರಿಂಗ್ ಮುಂದೆ ನೆನೆಸಿಕೊಳ್ಳುತ್ತಿದ್ದ. ಶಾಲೆಯಲ್ಲಿ ಮಾತ್ರ ಆತನಿಗೆ ಒಳ್ಳೆಯ ಹೆಸರಿರಲಿಲ್ಲ. ಕೈಬರಹ ಕೆಟ್ಟದ್ದು, ಪುಸ್ತಕದ ತುಂಬ ಶಾಯಿಯ ಕಲೆ, ಲ್ಯಾಟಿನ್ ತರಗತಿಯಲ್ಲಿ ಉದಾಸೀನ. 1926ರಲ್ಲಿ ಶೆರ್ಬೋರ್ನ್ ಶಾಲೆಗೆ ಸೇರುವ ದಿನ ದೇಶವ್ಯಾಪಿ ಮುಷ್ಕರದಿಂದ ರೈಲುಗಳು ನಿಂತಿದ್ದಾಗ, ಹದಿಮೂರರ ಹುಡುಗ ಸುಮಾರು 60 ಮೈಲಿ ದೂರವನ್ನು ಸೈಕಲ್ ತುಳಿದು ಶಾಲೆ ಸೇರಿದ. ಅಲ್ಲಿ ದೊರೆತ ಏಕೈಕ ಆಪ್ತ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್. ಗಣಿತ, ಖಗೋಳಶಾಸ್ತ್ರಗಳಲ್ಲಿ ಇಬ್ಬರಿಗೂ ಸಮಾನ ಆಸಕ್ತಿ. 1930ರ ಫೆಬ್ರುವರಿಯಲ್ಲಿ ಮಾರ್ಕಮ್ ಕ್ಷಯದಿಂದ ತೀರಿಕೊಂಡ. ಅಂಥ ಮನಸ್ಸು ದೇಹದೊಂದಿಗೆ ಅಳಿದುಹೋಗುವುದೇ, ಅಷ್ಟಕ್ಕೂ ಮನಸ್ಸೆಂದರೇನು ಎಂಬ ಪ್ರಶ್ನೆ ಅಂದಿನಿಂದ ಟ್ಯೂರಿಂಗ್‌ನನ್ನು ಬಿಡಲಿಲ್ಲ. ಅದಕ್ಕೆ ಆತ ಕಂಡುಕೊಂಡ ದಾರಿ ಗಣಿತದ್ದು.

ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಓದಿ, 1935ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೇ ಅಲ್ಲಿಯ ಫೆಲೋ ಆದ. ಮರುವರ್ಷ ಆತ ಸಿದ್ಧಪಡಿಸಿದ ಪ್ರಬಂಧ ಇಪ್ಪತ್ತನೆಯ ಶತಮಾನದ ಮಹತ್ವದ ಬರಹಗಳಲ್ಲೊಂದು. ಯಾವುದೇ ಗಣಿತ ಹೇಳಿಕೆಯನ್ನು ಸಾಧಿಸಬಹುದೋ ಇಲ್ಲವೋ ಎಂದು ಯಾಂತ್ರಿಕವಾಗಿ ತೀರ್ಮಾನಿಸುವ ವಿಧಾನವಿದೆಯೇ ಎಂಬುದು ಜರ್ಮನಿಯ ಡೇವಿಡ್ ಹಿಲ್ಬರ್ಟ್ ಎತ್ತಿದ್ದ ಪ್ರಶ್ನೆ. ಅಂಥ ವಿಧಾನ ಇಲ್ಲವೆಂದು ತೋರಿಸಲು ಟ್ಯೂರಿಂಗ್ ಒಂದು ಕಾಲ್ಪನಿಕ ಯಂತ್ರವನ್ನು ರೂಪಿಸಿದ. ಚೌಕಗಳಾಗಿ ವಿಭಾಗಿಸಿದ ಉದ್ದನೆಯ ಪಟ್ಟಿ. ಒಂದು ಸಲಕ್ಕೆ ಒಂದು ಚೌಕವನ್ನು ಓದಿ, ಅಳಿಸಿ, ಬರೆದು, ಅತ್ತಿತ್ತ ಸರಿಯುವ ಒಂದು ತಲೆ. ಇಷ್ಟೇ. ಆದರೆ ಬೇರೆ ಯಂತ್ರಗಳ ಸೂಚನೆಗಳನ್ನೂ ಪಟ್ಟಿಯ ಮೇಲೆ ಬರೆದುಕೊಟ್ಟರೆ, ಒಂದೇ ಯಂತ್ರ ಅವೆಲ್ಲದರ ಕೆಲಸವನ್ನೂ ಮಾಡಬಲ್ಲದೆಂದು ಆತ ತೋರಿಸಿಕೊಟ್ಟ. ಇಂದು ನಮ್ಮ ಜೇಬಿನಲ್ಲಿರುವ ಫೋನು ಕರೆಯನ್ನೂ ಮಾಡುತ್ತದೆ, ಲೆಕ್ಕವನ್ನೂ ಮಾಡುತ್ತದೆ, ಚಿತ್ರವನ್ನೂ ತೋರಿಸುತ್ತದೆ ಎಂದರೆ ಅದರ ತಾತ್ವಿಕ ಮೂಲ ಇಲ್ಲಿದೆ. ಓದುವುದು ಎಂಬ ಕ್ರಿಯೆ ಆ ಯಂತ್ರದ ಹುಟ್ಟಿನಲ್ಲಿಯೇ ಸೇರಿಕೊಂಡಿತ್ತು ಎಂಬುದನ್ನು ಗಮನಿಸಬೇಕು.

ಎರಡನೆಯ ಮಹಾಯುದ್ಧ ಘೋಷಣೆಯಾದ ಮರುದಿನ, 1939ರ ಸೆಪ್ಟೆಂಬರ್ 4ರಂದು, ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಎಂಬ ಗುಪ್ತ ನೆಲೆಯಲ್ಲಿ ಕೆಲಸಕ್ಕೆ ಹಾಜರಾದ. ಜರ್ಮನ್ ಸೇನೆ ತನ್ನ ಸಂದೇಶಗಳನ್ನು ಎನಿಗ್ಮಾ ಎಂಬ ಯಂತ್ರದ ಮೂಲಕ ಗೂಢಲಿಪಿಗೆ ತಿರುಗಿಸುತ್ತಿತ್ತು. ಪೋಲೆಂಡಿನ ಗಣಿತಜ್ಞರು ಅದನ್ನು ಭೇದಿಸುವ ದಾರಿಯನ್ನು ಮೊದಲೇ ತೆರೆದಿದ್ದರು. ಅವರ ಕೆಲಸವನ್ನು ಮುಂದುವರಿಸಿದ ಟ್ಯೂರಿಂಗ್, ಸಂದೇಶದಲ್ಲಿ ಇರಬಹುದಾದ ಪದವೊಂದನ್ನು ಊಹಿಸಿ, ಆ ಊಹೆಯಿಂದ ಯಂತ್ರದ ಜೋಡಣೆಯನ್ನು ಪತ್ತೆಮಾಡುವ ಬಾಂಬ್ ಎಂಬ ವಿದ್ಯುತ್ ಯಂತ್ರವನ್ನು ವಿನ್ಯಾಸಗೊಳಿಸಿದ. ನೌಕಾಪಡೆಯ ಎನಿಗ್ಮಾ ಇನ್ನೂ ಕಠಿಣವಾಗಿತ್ತು. ಅದಕ್ಕಾಗಿ ಆತ ಹೂಡಿದ ತಂತ್ರ ನಮ್ಮ ಇಂದಿನ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ಒಂದೊಂದೇ ಸುಳಿವು ದುರ್ಬಲ. ಯಾವುದನ್ನೂ ಪೂರ್ತಿ ನಂಬಲಾಗದು. ಆದರೆ ಪ್ರತಿ ಸುಳಿವಿಗೂ ಒಂದು ತೂಕ ಕೊಟ್ಟು ಕೂಡಿಸುತ್ತ ಹೋದರೆ, ಒಂದು ಹಂತದಲ್ಲಿ ಊಹೆ ನಂಬಿಕೆಯಾಗಿ ಗಟ್ಟಿಗೊಳ್ಳುತ್ತದೆ. ಪುರಾವೆಯನ್ನು ತೂಗಲು ಆತ ಒಂದು ಮಾನವನ್ನೇ ಮಾಡಿಕೊಂಡ. ಅದಕ್ಕೆ ಬಳಸುತ್ತಿದ್ದ ಕಾಗದದ ಹಾಳೆಗಳು ಅಚ್ಚಾಗುತ್ತಿದ್ದುದು ಬ್ಯಾನ್‌ಬರಿ ಎಂಬ ಊರಿನಲ್ಲಿ; ಆದ್ದರಿಂದ ಆ ಮಾನಕ್ಕೆ ಬ್ಯಾನ್ ಎಂದು ಹೆಸರಾಯಿತು. ಅಟ್ಲಾಂಟಿಕ್ ಸಾಗರದಲ್ಲಿ ಹಡಗುಗಳನ್ನು ಮುಳುಗಿಸುತ್ತಿದ್ದ ಜರ್ಮನ್ ಜಲಾಂತರ್ಗಾಮಿಗಳ ನೆಲೆಯನ್ನು ತಿಳಿಯಲು ಈ ಕೆಲಸ ನೆರವಾಯಿತು. ಲೆಕ್ಕವಿಲ್ಲದಷ್ಟು ಜೀವಗಳು ಉಳಿದವು. ಆದರೆ ಇದರ ಒಂದಕ್ಷರವೂ ಹೊರಗೆ ಬೀಳುವಂತಿರಲಿಲ್ಲ.

ಯುದ್ಧ ಮುಗಿದ ಮೇಲೆ ಟ್ಯೂರಿಂಗ್ ಲಂಡನ್ ಸಮೀಪದ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಸೇರಿ, ನಿಜವಾದ ಗಣಕವೊಂದರ ವಿನ್ಯಾಸದಲ್ಲಿ ತೊಡಗಿದ. ಸರ್ಕಾರಿ ವಿಳಂಬ ಆತನ ಉತ್ಸಾಹವನ್ನು ಕುಗ್ಗಿಸಿತು. ಮನಸ್ಸಿನ ಬೇಗೆಯನ್ನು ಓಟದಲ್ಲಿ ಕಳೆಯುತ್ತಿದ್ದ ಈತ 1947ರಲ್ಲಿ ಮ್ಯಾರಥಾನ್ ಓಟವನ್ನು 2 ಗಂಟೆ 46 ನಿಮಿಷಗಳಲ್ಲಿ ಮುಗಿಸಿದ ಎಂದರೆ ಆ ಬೇಗೆಯ ಪ್ರಮಾಣವನ್ನು ಊಹಿಸಬಹುದು. ಅದೇ ವರ್ಷದ ಫೆಬ್ರುವರಿಯಲ್ಲಿ ಲಂಡನ್ ಗಣಿತ ಸಂಘದ ಮುಂದೆ ಮಾಡಿದ ಉಪನ್ಯಾಸದಲ್ಲಿ ಆತ, ಅನುಭವದಿಂದ ಕಲಿಯುವ ಯಂತ್ರ ಬೇಕೆಂದು ಪ್ರತಿಪಾದಿಸಿದ. ತಪ್ಪನ್ನೇ ಮಾಡಬಾರದೆಂದು ಯಂತ್ರವನ್ನು ಕಟ್ಟಿಹಾಕಿದರೆ ಅದು ಬುದ್ಧಿಶಾಲಿಯಾಗಲಾರದು. ಮನುಷ್ಯ ಇತರರ ಒಡನಾಟದಲ್ಲಿ ಪಳಗುವಂತೆ ಯಂತ್ರಕ್ಕೂ ಮನುಷ್ಯರ ಒಡನಾಟ ಬೇಕು ಎಂಬುದು ಆತನ ನಿಲುವಾಗಿತ್ತು.

ಮರುವರ್ಷ, 1948ರಲ್ಲಿ, ಪ್ರಯೋಗಾಲಯಕ್ಕೆ ಸಲ್ಲಿಸಿದ ವರದಿಯಲ್ಲಿ ಈ ವಿಚಾರ ಇನ್ನಷ್ಟು ವಿಸ್ತಾರ ಪಡೆಯಿತು. ಮಗುವಿನ ಮಿದುಳಿನಂತೆ ಅಸ್ತವ್ಯಸ್ತ ಜೋಡಣೆಯ ಯಂತ್ರವೊಂದನ್ನು ತೆಗೆದುಕೊಂಡು, ಸರಿಯಾದ ನಡೆಗೆ ಮೆಚ್ಚುಗೆ, ತಪ್ಪು ನಡೆಗೆ ದಂಡನೆ ಕೊಡುತ್ತ ಅದನ್ನು ತಿದ್ದಬಹುದೆಂದು ಆತ ಸೂಚಿಸಿದ. ಯಂತ್ರ ಕಲಿಯಬಹುದಾದ ವಿದ್ಯೆಗಳ ಪಟ್ಟಿಯಲ್ಲಿ ಚದುರಂಗ, ಅನುವಾದ, ಗೂಢಲಿಪಿ, ಗಣಿತಗಳ ಜೊತೆಗೆ ಭಾಷೆಯ ಕಲಿಕೆಯೂ ಇತ್ತು. ಎಲ್ಲಕ್ಕಿಂತ ಹೆಚ್ಚು ಮಾನವೀಯವಾದ ವಿದ್ಯೆ ಅದೇ ಎಂದು ಒಪ್ಪಿದ ಟ್ಯೂರಿಂಗ್, ಅದನ್ನು ಸಾಧಿಸುವುದು ಕಷ್ಟವೆಂದೂ ಭಾವಿಸಿದ. ಕಣ್ಣು, ಕಿವಿ, ಓಡಾಡುವ ಕಾಲು ಇಲ್ಲದ ಯಂತ್ರಕ್ಕೆ ಭಾಷೆ ದಕ್ಕುವುದು ಹೇಗೆ ಎಂಬುದು ಆತನ ಸಂದೇಹ. ಹಸು ಎಂಬ ಪದವನ್ನು ಕಲಿಯಲು ಹಸುವನ್ನು ನೋಡಬೇಡವೇ? ಸಂಸ್ಥೆಯ ನಿರ್ದೇಶಕರಾಗಿದ್ದವರು ಚಾರ್ಲ್ಸ್ ಡಾರ್ವಿನ್‌ನ ಮೊಮ್ಮಗ. ಅವರಿಗೆ ಆ ವರದಿ ಶಾಲಾ ಹುಡುಗನ ಪ್ರಬಂಧದಂತೆ ಕಂಡಿತು. ಅದು ಅಚ್ಚಾಗುವ ಹೊತ್ತಿಗೆ ಟ್ಯೂರಿಂಗ್ ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದವು.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ, 1950ರಲ್ಲಿ ತತ್ವಶಾಸ್ತ್ರದ ಪತ್ರಿಕೆಯೊಂದರಲ್ಲಿ ಆತ ಬರೆದ ಲೇಖನ ಲೋಕಪ್ರಸಿದ್ಧವಾಯಿತು. ಮರೆಯಲ್ಲಿ ಕುಳಿತು ಉತ್ತರಿಸುವುದು ಮನುಷ್ಯನೋ ಯಂತ್ರವೋ ಎಂದು ಪ್ರಶ್ನೆ ಕೇಳಿಯೇ ಗುರುತಿಸಬೇಕಾದ ಪರೀಕ್ಷೆ ಎಲ್ಲರಿಗೂ ಗೊತ್ತು. ಆದರೆ ಅದೇ ಲೇಖನದ ಕೊನೆಯ ಭಾಗವನ್ನು ಓದಿದವರು ಕಡಿಮೆ. ಅಲ್ಲಿ ಒಂದು ಸರಳ ಲೆಕ್ಕವಿದೆ. ಮನುಷ್ಯನನ್ನು ಅನುಕರಿಸುವ ಯಂತ್ರಕ್ಕೆ ಸುಮಾರು ನೂರು ಕೋಟಿ ದ್ವಿಮಾನ ಅಂಕಿಗಳಷ್ಟು ಸ್ಮರಣೆ ಸಾಕೆಂದು ಆತ ಅಂದಾಜಿಸಿದ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಹನ್ನೊಂದನೆಯ ಆವೃತ್ತಿಯೇ ಇದರ ಎರಡರಷ್ಟಿದೆ ಎಂಬ ಹೋಲಿಕೆಯನ್ನೂ ಕೊಟ್ಟ. ಇಂದಿನ ಅಳತೆಯಲ್ಲಿ ಅದು 125 ಮೆಗಾಬೈಟ್. ನಮ್ಮ ಸಾಧಾರಣ ಮೊಬೈಲ್ ಫೋನಿನ ಒಂದು ಮೂಲೆಗೂ ಸಾಲದು. ಅಷ್ಟನ್ನು ಕೈಯಿಂದ ಬರೆದು ತುಂಬಲು ಅರವತ್ತು ಮಂದಿ ಐವತ್ತು ವರ್ಷ ಒಂದೂ ತಪ್ಪಿಲ್ಲದೆ ದುಡಿಯಬೇಕು. ಇದಕ್ಕಿಂತ ಚುರುಕಾದ ದಾರಿ ಬೇಕು ಎಂಬಲ್ಲಿಂದ ಆತ ಮಗು ಯಂತ್ರದ ಪ್ರಸ್ತಾಪಕ್ಕೆ ಬರುತ್ತಾನೆ. ದೊಡ್ಡವರ ಮನಸ್ಸನ್ನು ಕಟ್ಟುವುದು ಬೇಡ. ಮಗುವಿನ ಮನಸ್ಸನ್ನು ಕಟ್ಟಿ ಅದಕ್ಕೆ ಶಿಕ್ಷಣ ಕೊಡೋಣ.

ಆ ಶಿಕ್ಷಣದ ಬಗ್ಗೆ ಟ್ಯೂರಿಂಗ್ ಎರಡು ಮುಖ್ಯ ಮಾತುಗಳನ್ನು ಹೇಳಿದ. ಕಣ್ಣು ಕಿವಿಗಳಿಲ್ಲದ ಹೆಲೆನ್ ಕೆಲರ್ ವಿದ್ಯಾವಂತೆಯಾದದ್ದನ್ನು ಉದಾಹರಿಸಿ, ಗುರುಶಿಷ್ಯರ ನಡುವೆ ಯಾವುದಾದರೊಂದು ಬಗೆಯಲ್ಲಿ ಎರಡೂ ಕಡೆಯಿಂದ ಮಾತು ಸಾಗುವಂತಿದ್ದರೆ ಕಲಿಕೆ ಸಾಧ್ಯವೆಂದ. ಇದು ಮೊದಲನೆಯದು. ಕಲಿಯುವ ಯಂತ್ರದ ಒಳಗೆ ಏನು ನಡೆಯುತ್ತಿದೆ ಎಂಬುದು ಅದರ ಗುರುವಿಗೇ ಬಹುಮಟ್ಟಿಗೆ ತಿಳಿದಿರುವುದಿಲ್ಲ ಎಂದು ಎಚ್ಚರಿಸಿದ್ದು ಎರಡನೆಯದು. ಎಪ್ಪತ್ತೈದು ವರ್ಷಗಳ ನಂತರವೂ ತಜ್ಞರನ್ನು ಕಾಡುತ್ತಿರುವುದು ಇವೆರಡೇ ಸಂಗತಿಗಳು.

ಇಷ್ಟು ಮುಂದಾಲೋಚನೆಯ ಮನುಷ್ಯನೂ ಅದೇ ಲೇಖನದಲ್ಲಿ ಒಂದು ಕಡೆ ಎಡವಿದ. ದೂರದಲ್ಲಿರುವವರ ಮನಸ್ಸನ್ನು ಇಂದ್ರಿಯಗಳ ಸಹಾಯವಿಲ್ಲದೆ ಅರಿಯುವ ಟೆಲಿಪತಿ ನಿಜವೆಂದೂ, ಅದಕ್ಕೆ ಅಂಕಿಸಂಖ್ಯೆಯ ಪುರಾವೆ ಬಲವಾಗಿದೆಯೆಂದೂ ಆತ ನಂಬಿದ್ದ. ಆ ಕಾಲದಲ್ಲಿ ಅಂಥ ಪ್ರಯೋಗಗಳ ವರದಿಗಳು ವೈಜ್ಞಾನಿಕ ರೂಪದಲ್ಲಿಯೇ ಪ್ರಕಟವಾಗುತ್ತಿದ್ದವು. ಅವು ವಿಶ್ವಾಸಾರ್ಹವಲ್ಲವೆಂಬುದು ಮುಂದೆ ಸ್ಪಷ್ಟವಾಯಿತು. ಪುರಾವೆಯ ತೂಕವನ್ನು ಲೆಕ್ಕ ಹಾಕುವ ವಿಧಾನವನ್ನೇ ಕೊಟ್ಟವನು ಓದಿದ್ದನ್ನು ನಂಬಿ ಮೋಸಹೋದ. ನಾಲಿಗೆಗೆ ರುಚಿ ಹತ್ತದ ಪುಸ್ತಕದ ಬದನೆಕಾಯಿ ಪಂಡಿತನನ್ನೂ ಬಿಡದು.

ಮುಂದಿನ ಕಥೆ ದಾರುಣವಾದದ್ದು. 1951ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. 1952ರ ಆರಂಭದಲ್ಲಿ ಮನೆಗೆ ಕಳ್ಳರು ನುಗ್ಗಿದ ಬಗ್ಗೆ ಪೊಲೀಸರಿಗೆ ದೂರು ಕೊಡಲು ಹೋದ ಟ್ಯೂರಿಂಗ್, ವಿಚಾರಣೆಯ ವೇಳೆ ತನಗೆ ಇನ್ನೊಬ್ಬ ಪುರುಷನೊಂದಿಗೆ ಸಂಬಂಧವಿದ್ದುದನ್ನು ಮುಚ್ಚಿಡಲಿಲ್ಲ. 1885ರ ಕಾನೂನಿನಂತೆ ಅದು ಅಪರಾಧ. ಕಳ್ಳತನದ ದೂರುದಾರನೇ ಆರೋಪಿಯಾದ. ಸೆರೆಮನೆ ಅಥವಾ ಒಂದು ವರ್ಷ ಹಾರ್ಮೋನ್ ಚುಚ್ಚುಮದ್ದು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ಆತ ಎರಡನೆಯದನ್ನು ಒಪ್ಪಿಕೊಂಡ. ಸರ್ಕಾರದ ಗುಪ್ತ ಕೆಲಸಗಳ ಬಾಗಿಲು ಮುಚ್ಚಿತು. ಈ ನಡುವೆಯೂ ಜೀವಿಗಳ ಮೈಮೇಲಿನ ಚುಕ್ಕೆ, ಪಟ್ಟೆಗಳು ರಾಸಾಯನಿಕ ಕ್ರಿಯೆಯಿಂದ ಮೂಡುವ ಬಗೆಯನ್ನು ಗಣಿತದ ಮೂಲಕ ವಿವರಿಸುವ ಪ್ರಬಂಧವನ್ನು ಪ್ರಕಟಿಸಿದ. 1954ರ ಜೂನ್ 7ರಂದು, ನಲವತ್ತೆರಡು ತುಂಬಲು ಹದಿನಾರು ದಿನಗಳಿರುವಾಗ, ಸಯನೈಡ್ ವಿಷದಿಂದ ಆತನ ಬದುಕು ಮುಗಿಯಿತು. ಹಾಸಿಗೆಯ ಪಕ್ಕದಲ್ಲಿ ಅರ್ಧ ತಿಂದ ಸೇಬು ಇತ್ತು. ವಿಚಾರಣೆಯ ತೀರ್ಪು ಆತ್ಮಹತ್ಯೆ ಎಂದಿತು. ಅದು ಆಕಸ್ಮಿಕವೆಂದೇ ತಾಯಿ ಕೊನೆಯವರೆಗೂ ನಂಬಿದ್ದರು. 1959ರಲ್ಲಿ ಅವರು ಮಗನ ಜೀವನಚರಿತ್ರೆಯನ್ನು ಬರೆದಾಗಲೂ ಯುದ್ಧಕಾಲದ ಸಾಧನೆಯ ವಿವರವನ್ನು ಅದರಲ್ಲಿ ಸೇರಿಸುವುದು ಸಾಧ್ಯವಿರಲಿಲ್ಲ. ಆ ಗುಟ್ಟು ಲೋಕಕ್ಕೆ ತಿಳಿದದ್ದು 1970ರ ದಶಕದಲ್ಲಿ.

ಟ್ಯೂರಿಂಗ್ ಬೇಡವೆಂದಿದ್ದ ದಾರಿಯನ್ನೂ, ಬೇಕೆಂದಿದ್ದ ದಾರಿಯನ್ನೂ ಮುಂದಿನ ಪೀಳಿಗೆ ತುಳಿದು ನೋಡಿತು. 1984ರಲ್ಲಿ ಅಮೆರಿಕದ ಡಗ್ಲಸ್ ಲೆನಾಟ್ ಸಾಮಾನ್ಯಜ್ಞಾನವನ್ನೆಲ್ಲ ಮನುಷ್ಯರ ಕೈಯಿಂದ ಒಂದೊಂದಾಗಿ ಬರೆಸಿ ಯಂತ್ರಕ್ಕೆ ತುಂಬುವ ಸೈಕ್ ಯೋಜನೆಯನ್ನು ಆರಂಭಿಸಿದರು. ದಶಕಗಳು ಉರುಳಿದರೂ ಆ ಕೆಲಸ ಮುಗಿಯಲಿಲ್ಲ. 2010ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟಾಮ್ ಮಿಚೆಲ್ ಮತ್ತು ಸಂಗಡಿಗರು ನೆಲ್ ಎಂಬ ಗಣಕ ವ್ಯವಸ್ಥೆಯನ್ನು ಅಂತರ್ಜಾಲದ ಓದಿಗೆ ಹಚ್ಚಿದರು. ನಗರ, ಕಂಪನಿ, ಆಟ, ತಿನಿಸು ಎಂಬಂಥ ನೂರಾರು ವರ್ಗಗಳನ್ನು ಹೆಸರಿಸಿ, ಒಂದೊಂದಕ್ಕೆ ಹತ್ತು ಹದಿನೈದು ಉದಾಹರಣೆಗಳನ್ನು ಕೊಟ್ಟು, ಇನ್ನು ಮುಂದೆ ನೀನೇ ಓದಿ ತಿಳಿದುಕೋ ಎಂದು ಬಿಟ್ಟಂತೆ. ನೆಲ್ ಹಗಲಿರುಳೂ ಓದಿತು. ಒಂದೇ ಸಂಗತಿ ಹಲವು ಪುಟಗಳಲ್ಲಿ, ಹಲವು ರೀತಿಯಲ್ಲಿ ಕಂಡರೆ ಅದನ್ನು ನಂಬುತ್ತಿತ್ತು. ಬ್ಯಾನ್‌ಬರಿಯ ಹಾಳೆಗಳ ಮೇಲೆ ನಡೆದ ಲೆಕ್ಕದ ದೂರದ ಸಂಬಂಧಿ ಇದು. 67 ದಿನಗಳಲ್ಲಿ ಅದು ಎರಡು ಲಕ್ಷ ನಲವತ್ತೆರಡು ಸಾವಿರ ನಂಬಿಕೆಗಳನ್ನು ಕೂಡಿಹಾಕಿತು. ಅವುಗಳಲ್ಲಿ ಸುಮಾರು ಶೇ 74ರಷ್ಟು ಸರಿಯಿದ್ದವೆಂದು ಅಂದಾಜು.

ತಪ್ಪಿದ್ದ ಕಾಲುಭಾಗವೇ ಹೆಚ್ಚು ಪಾಠ ಕಲಿಸುವಂಥದ್ದು. ಜಾಲತಾಣಗಳು ನಮ್ಮ ಗಣಕದಲ್ಲಿ ಉಳಿಸಿಹೋಗುವ ಸಣ್ಣ ಕಡತಗಳಿಗೆ ಕುಕಿ ಎಂದು ಹೆಸರು. ನೆಲ್ ಅದನ್ನು ಬೇಕರಿಯ ತಿನಿಸಿನ ಪಟ್ಟಿಗೆ ಸೇರಿಸಿತು. ಜನ ಕುಕಿಗಳನ್ನು ಅಳಿಸುತ್ತಾರೆ, ಕಡತಗಳನ್ನೂ ಅಳಿಸುತ್ತಾರೆ ಎಂದು ಓದಿ, ಕಡತವನ್ನೂ ತಿನಿಸಿನ ಸಾಲಿಗೆ ಎಳೆಯಿತು. ಒಂದು ತಪ್ಪು ತಿಳಿವಳಿಕೆ ಹತ್ತು ತಪ್ಪುಗಳನ್ನು ಹೆರುತ್ತದೆ. ಮನುಷ್ಯರಲ್ಲಿಯೂ ಹಾಗೆಯೇ ಅಲ್ಲವೇ? ಆರು ತಿಂಗಳು ಸುಮ್ಮನೆ ನೋಡಿದ ಸಂಶೋಧಕರು ಕೊನೆಗೆ ಆಗಾಗ ತಾವೇ ತಿದ್ದಬೇಕಾಯಿತು. ಗುರುವಿಲ್ಲದ ಓದು ಎಲ್ಲಿ ದಾರಿ ತಪ್ಪುತ್ತದೆಂಬುದು ಹೆಲೆನ್ ಕೆಲರ್‌ಳ ಉದಾಹರಣೆಯಲ್ಲಿಯೇ ಅಡಗಿತ್ತು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಜಗತ್ತು ಕಂಡ ಯಂತ್ರಗಳು ನೆಲ್‌ಗಿಂತ ಬೇರೆ ಜಾತಿಯವು. ಅವು ಪಟ್ಟಿ ಮಾಡಿಕೊಳ್ಳುವುದಿಲ್ಲ. ಅಪಾರ ಬರಹದಲ್ಲಿ ಮುಂದಿನ ಪದ ಯಾವುದೆಂದು ಊಹಿಸುತ್ತ ಊಹಿಸುತ್ತ ಭಾಷೆಯನ್ನೂ, ಭಾಷೆಯೊಳಗಿನ ಲೋಕವನ್ನೂ ಅರಗಿಸಿಕೊಳ್ಳುತ್ತವೆ. ಆಮೇಲೆ ಮನುಷ್ಯರು ಅವುಗಳ ಉತ್ತರಗಳನ್ನು ತೂಗಿ, ಮೆಚ್ಚುಗೆ ಕೊಟ್ಟು ತಿದ್ದುತ್ತಾರೆ. ಕಾಲಿಲ್ಲದೆ, ಕಣ್ಣಿಲ್ಲದೆ ಭಾಷೆ ಕಲಿಯಲಾಗದೆಂಬ ಟ್ಯೂರಿಂಗ್‌ನ ಸಂದೇಹವನ್ನು ಅವು ಸುಳ್ಳಾಗಿಸಿದವು. ಮೆಚ್ಚುಗೆ ದಂಡನೆಗಳಿಂದ ಕಲಿಸಬಹುದೆಂಬ ಆತನ ಊಹೆಯನ್ನು ನಿಜವಾಗಿಸಿದವು. ಈ ಎರಡನೆಯ ವಿಧಾನಕ್ಕೆ ಶಾಸ್ತ್ರೀಯ ರೂಪ ಕೊಟ್ಟ ಆ್ಯಂಡ್ರ್ಯೂ ಬಾರ್ಟೊ ಮತ್ತು ರಿಚರ್ಡ್ ಸಟನ್ ಅವರಿಗೆ 2024ನೆಯ ಸಾಲಿನ ಪ್ರಶಸ್ತಿಯೊಂದು ಸಂದಿತು. ಅದರ ಹೆಸರೇ ಟ್ಯೂರಿಂಗ್ ಪ್ರಶಸ್ತಿ.

ಆದರೂ ಮೂಲಪ್ರಶ್ನೆ ಹಾಗೆಯೇ ಉಳಿದಿದೆ. 1952ರ ಬ್ರಿಟನ್ನಿನ ಪತ್ರಿಕೆ, ಕಾನೂನು ಗ್ರಂಥ, ನ್ಯಾಯಾಲಯದ ಕಡತಗಳನ್ನೆಲ್ಲ ಓದಿದ ಯಂತ್ರವೊಂದು ಅಂದು ಇದ್ದಿದ್ದರೆ ಟ್ಯೂರಿಂಗ್ ಬಗ್ಗೆ ಅದಕ್ಕೆ ಏನು ತಿಳಿದಿರುತ್ತಿತ್ತು? ಆತ ಶಿಕ್ಷೆಗೊಳಗಾದ ಅಪರಾಧಿ ಎಂಬುದು ತಿಳಿದಿರುತ್ತಿತ್ತು. ಆತ ಸಾವಿರಾರು ನಾವಿಕರ ಪ್ರಾಣ ಉಳಿಸಿದವನೆಂಬುದು ತಿಳಿದಿರುತ್ತಿರಲಿಲ್ಲ. ಮೊದಲನೆಯದು ಬರಹದಲ್ಲಿತ್ತು, ಎರಡನೆಯದು ಬೀಗ ಹಾಕಿದ ಕಪಾಟಿನಲ್ಲಿತ್ತು. ಯಂತ್ರ ಒಂದೂ ಅಕ್ಷರ ತಪ್ಪದೆ ಓದಿಯೂ ಸತ್ಯವನ್ನು ತಪ್ಪಿಸಿಕೊಳ್ಳುತ್ತಿತ್ತು. ಎಷ್ಟು ಪುಟಗಳಲ್ಲಿ ಒಂದು ಮಾತು ಇದೆಯೆಂಬುದು ಅದು ಸತ್ಯವೆನ್ನಲು ಪುರಾವೆಯಾಗದು. ಕಾಲದ ಪೂರ್ವಗ್ರಹವೂ ಸಾವಿರ ಪುಟಗಳಲ್ಲಿಯೇ ಇರುತ್ತದೆ.

ಆ ದಾಖಲೆಯನ್ನು ತಿದ್ದಿದವರು ಮನುಷ್ಯರು. ಇಂಗ್ಲೆಂಡ್ 1967ರಲ್ಲಿ ಕಾನೂನನ್ನು ಸಡಿಲಿಸಿತು. 2009ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಪರವಾಗಿ ಕ್ಷಮೆ ಕೋರಿದರು. 2013ರಲ್ಲಿ ರಾಣಿಯ ಕ್ಷಮಾದಾನ ದೊರೆಯಿತು. 2021ರಲ್ಲಿ ಐವತ್ತು ಪೌಂಡಿನ ನೋಟಿನ ಮೇಲೆ ಆತನ ಚಿತ್ರ ಬಂತು. ಅದೇ ವಸಾಹತು ಮನೋಭಾವ 1860ರಲ್ಲಿ ನಮಗೆ ಕೊಟ್ಟುಹೋಗಿದ್ದ ದಂಡಸಂಹಿತೆಯ 377ನೆಯ ಕಲಮಿನ ಹಿಡಿತದಿಂದ ಭಾರತದ ಸುಪ್ರೀಂ ಕೋರ್ಟ್ ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧಗಳನ್ನು ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಜೂಲಿಯಸ್ ಟ್ಯೂರಿಂಗ್ ಬಳ್ಳಾರಿ ಸೀಮೆಯಲ್ಲಿ ಅಧಿಕಾರ ನಡೆಸುತ್ತಿದ್ದ ದಿನಗಳಲ್ಲಿ ಜಾರಿಯಲ್ಲಿದ್ದದ್ದು ಇದೇ ಸಂಹಿತೆ. ಇಂಗ್ಲೆಂಡಿನಲ್ಲಿ ಅಂಥದೇ ಕಾನೂನು ಆತನ ಮಗನನ್ನು ಬಲಿ ತೆಗೆದುಕೊಂಡಿತು.

ಕನ್ನಡಿಗರಿಗೂ ಇಲ್ಲಿ ಯೋಚಿಸಬೇಕಾದ್ದಿದೆ. 2011ರ ಜನಗಣತಿಯಂತೆ ಕನ್ನಡವನ್ನು ತಾಯಿನುಡಿಯೆಂದು ಬರೆಸಿದವರು ನಾಲ್ಕೂಕಾಲು ಕೋಟಿಗೂ ಹೆಚ್ಚು. ಆದರೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅರವತ್ತು ಲಕ್ಷಕ್ಕೂ ಮೀರಿ ಲೇಖನಗಳಿರುವಾಗ ಕನ್ನಡದ್ದು ಇನ್ನೂ ಸಾವಿರಗಳ ಲೆಕ್ಕದಲ್ಲಿದೆ. ಯಂತ್ರ ಓದುವುದು ಇದ್ದದ್ದನ್ನು. ನಮ್ಮ ರೈತನ ಮಣ್ಣಿನ ಅರಿವು, ಸೂಲಗಿತ್ತಿಯ ಅನುಭವ, ಬಡಗಿಯ ಅಳತೆ, ಗ್ರಂಥಾಲಯಗಳಲ್ಲಿ ದೂಳು ಹಿಡಿದ ಪುಸ್ತಕಗಳು ಅಲ್ಲಿ ಇಲ್ಲವಾದರೆ, ಆ ಯಂತ್ರದ ಲೋಕದಲ್ಲಿ ಅವು ಇಲ್ಲವೇ ಇಲ್ಲ. ನಮ್ಮ ಬಗ್ಗೆ ಬೇರೆಯವರು ಬರೆದದ್ದನ್ನೇ ಅದು ನಮಗೆ ಮರಳಿ ಹೇಳುತ್ತದೆ.

ಟ್ಯೂರಿಂಗ್ ಯಂತ್ರವನ್ನು ಮಗುವಿಗೆ ಹೋಲಿಸಿದ. ಹೋಲಿಕೆಯನ್ನು ಒಪ್ಪುವುದಾದರೆ ಅದರ ಹೊಣೆಯನ್ನೂ ಒಪ್ಪಬೇಕು. ಮಗುವಿಗೆ ಪುಸ್ತಕ ಕೊಟ್ಟು ಕದ ಹಾಕಿಕೊಂಡರೆ ಅದು ಓದಲು ಕಲಿಯಬಹುದು. ಓದಿದ್ದರಲ್ಲಿ ಯಾವುದು ಸರಿ, ಯಾವುದು ಬರೆಯದೇ ಉಳಿದಿದೆ ಎಂದು ತಿಳಿಸಲು ಪಕ್ಕದಲ್ಲಿ ಯಾರಾದರೂ ಇರಬೇಕಾಗುತ್ತದೆ.